ಕತ್ತರಿಸಲು ಹೊತ್ತಿರಲಿಲ್ಲ

ಮೂರೇ ನಿಮಿಷ ಎಂದಿದ್ದೆ.
ಹಲಗೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದು,
ಹಿಂದಿನ ಬೆಂಚಿಗೂ ಕೇಳಲೆಂದು ಎರಡು ಸಲ ಹೇಳಿದ್ದೆ:
ವಿಷಯ ಅಭಿಸರಣ. ವಿಡಿಯೊ ನೀವೇ ಮಾಡಿದ್ದಾಗಿರಬೇಕು.
ದನಿಗೆ ಹತ್ತು, ಚಿತ್ರಕ್ಕೆ ಹತ್ತು, ಜೋಡಣೆಗೆ ಹತ್ತು,
ಅರ್ಥಕ್ಕೆ ಇಪ್ಪತ್ತು.
ಅರ್ಥಕ್ಕೆ ಇಪ್ಪತ್ತೇ ಏಕೆಂದು ಯಾರೂ ಕೇಳಲಿಲ್ಲ.
ನಾನೂ.

ಇಪ್ಪತ್ತಾರು ವರ್ಷ ಸೀಮೆಸುಣ್ಣದಲ್ಲಿ
ಅದೇ ಪೊರೆ, ಅದೇ ಬಾಣದ ಗುರುತು ಬರೆದವಳು.
ಅವೈರೊ ಪಾಲಿಟೆಕ್ನಿಕ್ಕಿನ ಈ ಕೋಣೆಯಲ್ಲಿ
ಕಿಟಕಿ ತೆರೆದರೆ ಉಪ್ಪಿನ ಗದ್ದೆ, ಬಿಳಿ ಗುಪ್ಪೆಗಳ ಸಾಲು;
ಕಿಟಕಿಗೆ ಬೆನ್ನು ಹಾಕಿಯೇ ಬರೆದೆ.
ವಿಡಿಯೊ ಗಿಡಿಯೊ ಒಪ್ಪಿಕೊಂಡದ್ದು
ಹೊಸ ಡೀನ್ ಹೇಳಿದರೆಂದು, ಒಲ್ಲದ ಮನಸ್ಸಿನಿಂದ.

ಬಂದವು, ಮೂವತ್ತೊಂದು.
ಗಿರಗಿರ ತಿರುಗುವ ಶೀರ್ಷಿಕೆ, ಡೋಲಿನ ಸದ್ದು.
ಒಣದ್ರಾಕ್ಷಿ ಉಬ್ಬಿತು, ಹೆಚ್ಚಿದ ಆಲೂಗಡ್ಡೆ ಸೊರಗಿತು.
ಫಿಲೊಮೆನಾ ಬಿಡಿಸಿದ ನೀರಿನ ಕಣಗಳು
ಬಣ್ಣದ ಟೋಪಿ ಹಾಕಿಕೊಂಡು ಗಡಿ ದಾಟಿದವು.
ಒಂದರಲ್ಲಿ ಬೆಕ್ಕಿತ್ತು. ಏಕೆಂದು ಬೆಕ್ಕಿಗೇ ಗೊತ್ತು.

ಕೊನೆಯದು ತೆಲ್ಮೊನದು.
ಹದಿನಾಲ್ಕು ನಿಮಿಷ.

ತೆಲ್ಮೊ ಎಂದರೆ ತೂಕಡಿಸುವ ಹುಡುಗ.
ಹಾಜರಿ ಕೂಗಿದರೆ ಪಕ್ಕದವರು ತಿವಿಯಬೇಕು.
ಗಫಾನ್ಯಾದ ಮೀನಿನ ಉಗ್ರಾಣದಲ್ಲಿ ರಾತ್ರಿಪಾಳಿ ಎಂದು
ಅವನ ಸ್ವೆಟರು ಹೇಳುತ್ತಿತ್ತು, ಅವನು ಹೇಳಿರಲಿಲ್ಲ.

ಮೊಬೈಲನ್ನು ಉಪ್ಪಿನ ಚೀಲಕ್ಕೆ ಒರಗಿಸಿದ್ದಾನೆ.
ಚೌಕಟ್ಟು ಓರೆ. ಟ್ಯೂಬ್‌ಲೈಟು ಮಿಟುಕುತ್ತಿದೆ.
ಕೈಗವಸು ಕಳಚಿ, ಸೀಳಿದ ಕಾಡ್ ಮೀನಿನ ಮೇಲೆ
ಹಿಡಿ ಕಲ್ಲುಪ್ಪು ಚೆಲ್ಲುತ್ತಾನೆ, ತಡವರಿಸಿ ವಿವರಿಸುತ್ತಾನೆ:
ಒಳಗೆ ನೀರಿದೆ. ಹೊರಗೆ ಉಪ್ಪಿದೆ.
ನಡುವೆ ತೆಳ್ಳನೆಯ ಪೊರೆ.
ಸರಿಯಾಗಿ ಮೂರನೆಯ ನಿಮಿಷಕ್ಕೆ,
"ಈಗ ನೀವು ನೋಡುತ್ತೀರಿ—"

ಅಷ್ಟೆ. ಮಾತು ನಿಂತಿತು.
ಚೌಕಟ್ಟಿನ ಅಂಚಿನಲ್ಲಿ ಅವನ ಹೆಗಲು ಮೆಲ್ಲಗೆ ಜಾರಿ
ಗೊರಕೆ ಶುರುವಾಯಿತು.

ತರಗತಿ ಬಿದ್ದು ಬಿದ್ದು ನಕ್ಕಿತು.
ತೆಲ್ಮೊನೂ ನಕ್ಕ, ಕಿವಿ ಕೆಂಪಾಗಿ.
ನಾನು ಪೆನ್ನು ತೆಗೆದೆ: ಜೋಡಣೆ, ಸೊನ್ನೆ.
ನಿಲ್ಲಿಸಲೆಂದು ಕೈ ಚಾಚಿದರೆ ಫಿಲೊಮೆನಾ ಅಂದಳು,
"ತಾಳಿ ಮೇಡಂ, ಅಲ್ಲಿ ನೋಡಿ."

ಬೆಳ್ಳನೆಯ ಮಾಂಸದ ಮೇಲೆ ಒಂದು ಹನಿ,
ಸೂಜಿಮೊನೆಯಷ್ಟು.
ಪಕ್ಕದಲ್ಲಿ ಇನ್ನೊಂದು.
ದೀಪ ಹಿಡಿಯದೆ, ಗೆಜ್ಜೆ ಕಟ್ಟದೆ,
ಮನೆಯವರು ಮಲಗಿದ ಮೇಲೆ ಹೊರಟ ಅಭಿಸಾರಿಕೆಯ ಹಾಗೆ
ನೀರು ಬಾಗಿಲು ಸರಿಸಿಕೊಂಡು ಬರುತ್ತಿತ್ತು.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಹಳೆಯ ಮಾತು.
ಇಲ್ಲಿ ಉಪ್ಪೇ ಕುಡಿಯುತ್ತಿತ್ತು,
ಕುಡಿದು ಹರಳಿನ ಮೂಲೆಗಳು ಮೊಂಡಾಗಿ,
ಮಬ್ಬಾಗಿ, ಪುಟ್ಟ ಹೊಂಡವಾಗಿ,
ಹಲಗೆಯ ಅಂಚಿಗೆ ಬಂದು, ನಿಂತು, ಯೋಚಿಸಿ,
ತೊಟ್ಟಿಕ್ಕಿತು.
ಗೊರಕೆಗೆ ತಾಳ ಹಾಕಿದಂತೆ ಮತ್ತೆ ತೊಟ್ಟಿಕ್ಕಿತು.

ಹನ್ನೊಂದು ನಿಮಿಷ
ಒಬ್ಬರೂ ಮೊಬೈಲು ಮುಟ್ಟಲಿಲ್ಲ.
ನನ್ನ ಬಾಣದ ಗುರುತಿಗೆ ಎಷ್ಟು ಅವಸರವಿತ್ತೆಂದು
ಆಗ ಕಂಡಿತು.

ಸೈರನ್ ಕೂಗಿತು.
ತೆರೆಯ ಮೇಲಿನ ತೆಲ್ಮೊ ದಡಕ್ಕನೆ ಎದ್ದು,
ನೆಟ್ಟಗೆ ನಮ್ಮನ್ನೇ ನೋಡಿ, ಒಂದು ಬೈಗುಳ ಬೈದು,
ಕೈ ಚಾಚಿದ. ಕತ್ತಲೆ.

"ಕ್ಷಮಿಸಿ, ಕತ್ತರಿಸಲು ಹೊತ್ತಿರಲಿಲ್ಲ."
ಪಾಳಿ ಎಷ್ಟು ಗಂಟೆಗೆ ಮುಗಿಯುತ್ತದೆಂದು
ಮೂರು ತಿಂಗಳಲ್ಲಿ ಮೊದಲ ಸಲ ಕೇಳಿದೆ.
ಆರಕ್ಕಂತೆ.
ನನ್ನ ತರಗತಿ ಎಂಟಕ್ಕೆ.

ಸೊನ್ನೆ ಸೊನ್ನೆಯಾಗಿಯೇ ಉಳಿಯಿತು, ಕೊಟ್ಟದ್ದು ಕೊಟ್ಟೆ.
ಆದರೆ ಅರ್ಥಕ್ಕೆ ಇಪ್ಪತ್ತು ಸಾಲಲಿಲ್ಲ.

ಈ ವರ್ಷ ಸುದ್ದಿ ಹಬ್ಬಿದೆ.
ನಾಲ್ವರ ವಿಡಿಯೊದಲ್ಲಿ ನಿದ್ದೆಯಿತ್ತು:
ಒಳ್ಳೆಯ ಬೆಳಕು, ನೇರ ಚೌಕಟ್ಟು, ಹದವಾದ ಗೊರಕೆ,
ಸರಿಯಾಗಿ ನಲವತ್ತು ಸೆಕೆಂಡಿಗೆ ಎಚ್ಚರ.
ಅವರ ಮೀನು ಇನ್ನೂ ಬೆವರಿರಲಿಲ್ಲ.